ಕಾರಿನ ಹಿಂದೆ ನಿಲ್ಲುವ ಕೆಲಸ

೨೦೦೮, ಶ್ರಾವಣದ ಒಂದು ರವಿವಾರ, ಸಂಜೆ ಐದು ಗಂಟೆ. ಗೋಕಾಕದ ನಮ್ಮ ಓಣಿಯಲ್ಲಿ ಇದ್ದವರು ಮೂವರು: ಕಾರಿನೊಳಗೆ ನನ್ನ ಯಜಮಾನರು, ಕಟ್ಟೆಯ ಮೇಲೆ ಮೂಡಲಗಿಯಿಂದ ಬಂದ ಮೈದುನ, ಕಾರಿನ ಹಿಂದೆ ನಾನು.

ಹಿಂದೆ ನಿಲ್ಲುವುದು ನನ್ನ ಕೆಲಸ. ಒಂದು ಬದಿಗೆ ಗಟಾರ, ಇನ್ನೊಂದು ಬದಿಗೆ ನೆರೆಮನೆಯ ಕಟ್ಟೆ. ನಡುವೆ ಕಾರನ್ನು ಹಿಮ್ಮುಖವಾಗಿ ತಂದು ಗೇಟಿನೊಳಗೆ ಸೇರಿಸಬೇಕು. ಕಾರು ಕೊಂಡ ದಿನದಿಂದ ಎರಡೂ ಕೈ ಎತ್ತಿ "ಬರ್ರಿ, ಬರ್ರಿ, ಸಾಕು!" ಎನ್ನುತ್ತ ಬಂದವಳು ನಾನು. ಹೆಣ್ಣುಮಕ್ಕಳ ಸಾಲೆಯಲ್ಲಿ ಕವಾಯತು ಕಲಿಸಿದವಳು. ನನ್ನ ಒಂದು ಕೂಗಿಗೆ ಇಡೀ ಮೈದಾನ ನಿಲ್ಲುತ್ತಿತ್ತು. ಇವರು ಮಾತ್ರ "ಕಾಣತೈತಿ ಬಿಡ" ಎಂದು ಇನ್ನೊಂದು ಗೇಣು ಬಂದೇ ನಿಲ್ಲುವರು.

ಹಿಂದಿನ ತಿಂಗಳು ಮೈದುನ ತನ್ನ ಕಾರಿಗೆ, ಹಿಂದೆ ಏನಾದರೂ ಅಡ್ಡ ಬಂದರೆ ಒದರುವ ರಿವರ್ಸ್ ಸೆನ್ಸರ್ ಹಾಕಿಸಿದ್ದ. "ನನಗ ಕಣ್ಣಿಲ್ಲೇನು?" ಎಂದು ಇವರು ನಕ್ಕಿದ್ದರು. ಓಣಿಯವರೆಲ್ಲ ನೋಡುತ್ತಿದ್ದಂತೆ ಆ ತಮ್ಮನೇ ಒಂದೇ ಸಲಕ್ಕೆ ಕಾರನ್ನು ನಮ್ಮ ಗೇಟಿನೊಳಗೆ ತಂದಾಗ ಇವರ ಮುಖ ಸಣ್ಣದಾಯಿತು. ಊಟಕ್ಕೆ ಕೂತವರೇ "ಎಲ್ಲಿ ಸಿಗತೈತಿ ಅದು?" ಎಂದು ಕೇಳಿದರು. ಈಗ ನಮ್ಮ ಕಾರಿಗೂ ಅದು ಬಂದಿತ್ತು.

"ವೈನಿ, ಇನ್ನ ನೀವು ರಿಟೈರ್," ಎಂದ ಮೈದುನ.

"ಒಮ್ಮೆ ಆಗೇನಿ, ಸಾಕಪ್ಪ," ಎಂದು ಬದಿಗೆ ಸರಿದೆ.

ಕಾರು ಹಿಂದೆ ಬಂತು. ಪೀಂ... ಪೀಂ... ಗೋಡೆ ಹತ್ತಿರವಾದಂತೆ ಪೀಂ ಪೀಂ ಪೀಂ. ಇವರು ತಟ್ಟನೆ ಬ್ರೇಕ್ ಒತ್ತಿದರು. ಒಂದು ಗೇಣೂ ಹೆಚ್ಚಿಲ್ಲ. ನನಗೆ ಹೊಟ್ಟೆ ಉರಿಯಿತು.

"ಇನ್ನೊಮ್ಮೆ ತರ್ರಿ," ಎಂದೆ. ಈ ಸಲ ಕನ್ನಡಿಗೆ ಕಾಣದ ಹಾಗೆ ಹಿಂದೆ ಹೋಗಿ ಬಾಯಿ ಮುಚ್ಚಿಕೊಂಡು ನಿಂತೆ. ಕಾರು ನನ್ನಿಂದ ಮೊಳದಳತೆಯಲ್ಲಿ ನಿಂತಿತು.

"ಯಾಕ ನಿಂತ್ರಿ?"

"ಅದು ಒದರ್ತು. ಗೇಟಿನ ಕಂಬ ಬಂತಂತ ತಿಳದೆ."

ಮೈದುನ ಬಿದ್ದು ಬಿದ್ದು ನಕ್ಕ. "ವೈನಿ ಕಂಬಾ ಆದ್ರಲ್ಲೋ ಅಣ್ಣಾ!"

"ನಾ ಸಾಕಂದ್ರ ನಿಲ್ಲೂದಿಲ್ಲ, ಅದರ ಮಾತು ಹೆಂಗ ಕೇಳತೀರಿ?"

ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಅದು ಓಣಿಗೆಲ್ಲ ಕೇಳೂಹಂಗ ಬೈಯೂದಿಲ್ಲ. ನನಗಷ್ಟ ಹೇಳತೈತಿ."

ನಾನು ಬಕೆಟ್ ತರಲು ಒಳಗೆ ಹೋದೆ.

ಗಾಡಿ ಒಳಗೆ ಬಂದ ಮೇಲೆ ತೊಳೆಯುವುದು ನಮ್ಮ ಮನೆಯ ಪದ್ಧತಿ. ಮೊದಲು ಗಾಜು, ಆಮೇಲೆ ಗಾಲಿ, ಕೊನೆಗೆ ಹಿಂಬದಿ. ಹಿಂದೆ ಮುಂದೆ ಓಡಾಡಿಸಿದ್ದಕ್ಕೆ ಬಂಪರಿನಲ್ಲಿ ಕೂರಿಸಿದ್ದ ಸೆನ್ಸರಿನ ಕರಿ ಗುಂಡಿಗಳ ಮೇಲೆಲ್ಲ ಕೆಸರು ಸಿಡಿದಿತ್ತು. "ಕೆಸರು ಕೂತ್ರ ಅದು ಸುಮ್ಮನಾಗತೈತಿ ವೈನಿ, ಒರಸ್ರಿ," ಎಂದು ಮೈದುನ ಕಟ್ಟೆಯಿಂದಲೇ ಹೇಳಿದ.

ಮರುದಿನ ಹತ್ತರಗಿಗೆ ಹೋಗುವುದಿತ್ತು. ಕೆಸರು ಹಾಗೇ ಇದ್ದರೆ ಅಲ್ಲಿ ಕಾರು ಹಿಂದೆ ತೆಗೆಯುವಾಗ ಇವರು ನನ್ನನ್ನೇ ಕರೆಯಬೇಕು. ಹಿಂಡಿದ ಬಟ್ಟೆಯನ್ನೇ ಇನ್ನೊಮ್ಮೆ ಹಿಂಡಿದೆ.

ಕೆಲಸ ಅರ್ಧಕ್ಕೆ ಬಿಡುವುದು ನನಗೆ ಬರುವುದಿಲ್ಲ. ಎಲ್ಲ ಗುಂಡಿಗಳನ್ನೂ ಒರೆಸಿದೆ, ಬೇಕಾದ್ದಕ್ಕಿಂತ ಜೋರಾಗಿಯೇ ತಿಕ್ಕಿ. ಬಕೆಟ್ ಬೋರಲು ಹಾಕಿ ಗೇಟಿನ ಚಿಲಕ ಹಾಕಿದೆ.