ತಿಥಿಯ ದಿನ ಮಡಿಯಲ್ಲಿ ನುಂಗಿದ ಮಾತ್ರೆ

ಪುಷ್ಯ ಬಹುಳ ಪಂಚಮಿ, ಬೆಳಿಗ್ಗೆ ಹತ್ತೂವರೆ. ಇಸಳೂರಿನಲ್ಲಿ ನನ್ನ ತಮ್ಮ ಕಟ್ಟಿಸಿದ ಹೊಸ ಮನೆ. ಇದ್ದವರು: ನಮ್ಮ ಅಪ್ಪನ ತಿಥಿಗೆ ಕುಳಿತ ತಮ್ಮ, ಅವನ ಸೊಸೆ, ಪುರೋಹಿತರು, ಅಡುಗೆಗೆ ನಿಂತ ನಾನು. ತಮ್ಮನ ಮಗನಿಗೆ ರಜೆ ಸಿಕ್ಕಿರಲಿಲ್ಲ.

ತಮ್ಮನೋ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವನು. ಉಪವಾಸವೆಂದು ಬೆಳಗಿನ ಮಾತ್ರೆಗಳನ್ನೂ ಬಿಟ್ಟಿದ್ದ. ಹೊಟ್ಟೆಗೆ ಚಹಾ ಇಲ್ಲ, ಮುಖಕ್ಕೆ ಹೋಮದ ಹೊಗೆ; ಅವನ ತಲೆ ಸಿಡಿಯತೊಡಗಿತು.

ಸೊಸೆಗೆ ಮೈಗ್ರೇನ್. ಬಂತೆಂದರೆ ವಾಂತಿ ಮಾಡಿಕೊಂಡು ಇಡೀ ದಿನ ಕತ್ತಲೆ ಕೋಣೆಯಲ್ಲಿ ಬಿದ್ದಿರುತ್ತಿದ್ದಳು. ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟ ಮೇಲೆ ಮಧ್ಯಾಹ್ನದೊಳಗೆ ಎದ್ದು ತನ್ನ ಹೊಲಿಗೆ ಅಂಗಡಿಗೆ ಹೋಗುವಂತಾಗಿದ್ದಳು. ತಮ್ಮ ಅದನ್ನೇ ಕೇಳಿದ.

"ಬ್ಯಾಡ ಮಾವ. ಎದೆ ಸಮಸ್ಯೆ ಇದ್ದವ್ಕೆ ಇದು ಆಗ್ತಿಲ್ಲೆ ಹೇಳಿ ಡಾಕ್ಟ್ರು ಹೇಳಿದ್ದ."

"ಕತ್ತಲೆ ಕೋಣೆ ಹೊಕ್ಕು ಮಲಗಲೆ ನಿಂಗೆ ಮಾತ್ರೆ ಇದ್ದು, ಅಪ್ಪನ ತಿಥಿ ಮಾಡಲೆ ಯಂಗೆ ಇಲ್ಲೆ? ತಗಂಡು ಬಾ."

ಮಡಿ ಉಟ್ಟವನು ಮಾತ್ರೆಯ ಪಟ್ಟಿಯನ್ನು ಮುಟ್ಟುವಂತಿಲ್ಲ. ಅವಳೇ ಮಾತ್ರೆ ಬಿಡಿಸಿ ಮೇಲಿಂದ ಅಂಗೈಗೆ ಹಾಕಬೇಕಾಯಿತು. ಉದ್ಧರಣೆ ನೀರಿನಲ್ಲಿ ನುಂಗಿದ. ಸ್ವಲ್ಪ ಹೊತ್ತಿಗೆ ತಲೆ ಹಗುರಾಯಿತು.

"ನೋಡಿದ್ಯನೇ ಅಕ್ಕ? ಇಷ್ಟು ಸಣ್ಣ ನೋವಿಗಾ ಇವಳು ಇಡೀ ದಿನ ಮಲಗದು!"

ಪಿಂಡ ಕಟ್ಟುವಾಗ ಅವನ ಕೈ ನಿಂತಿತು. ಹಣೆಯಲ್ಲಿ ಬೆವರು. ಎದೆ ನೀವಿಕೊಂಡು ಗ್ಯಾಸ್ ಎಂದ. ಪುರೋಹಿತರು ಮಂತ್ರ ನಿಲ್ಲಿಸಿದರು. ಹಿಡಿಯಲು ಬಂದ ಸೊಸೆಗೆ, "ಮುಟ್ಟಡ!" ಎಂದು ಕೂಗಿ ಪಕ್ಕಕ್ಕೆ ವಾಲಿದ. ಮಡಿಯಲ್ಲಿದ್ದ ನಾನು ಹಿಡಿದುಕೊಂಡೆ. ಅವಳು ಕಾರು ತೆಗೆದಳು. ಶಿರಸಿಯ ಆಸ್ಪತ್ರೆ ತಲುಪುವವರೆಗೆ ಅವಳು ಅವನನ್ನು ಮುಟ್ಟಲಿಲ್ಲ.

ಹಾವೇರಿ ಕಡೆಯ ಡಾಕ್ಟರು ಸೊಸೆ ತಂದಿದ್ದ ಮಾತ್ರೆ ಪಟ್ಟಿಯನ್ನು ತಿರುಗಿಸಿ ನೋಡಿದರು. ಮೈಗ್ರೇನಿನಲ್ಲಿ ತಲೆಯ ರಕ್ತನಾಳಗಳು ಹಿಗ್ಗುತ್ತವಂತೆ. ಸೆರೊಟೋನಿನ್ ಎಂಬ ರಾಸಾಯನಿಕ ಹೋಗಿ ಕೂರುವ ಜಾಗದಲ್ಲಿ ಈ ಮಾತ್ರೆ ಕೂತು ಅವನ್ನು ಬಿಗಿಯುತ್ತದೆ. ಅಂಥ ಜಾಗಗಳು ಹೃದಯದ ನಾಳಗಳಲ್ಲೂ ಇವೆ, ತಲೆಗಿಂತ ಕಡಿಮೆ.

"ನಾಳ ಸರಿ ಇದ್ದವರಿಗೆ ಅಷ್ಟು ಬಿಗಿದ್ರ ಏನೂ ಆಗೂದಿಲ್ರಿ. ನಿಮ್ಮ ತಮ್ಮಂದು ಮೊದಲೇ ಸಣ್ಣ ಆಗೇತಿ. ಅದನ್ನ ಮತ್ತ ಹಿಂಡಿದ್ರ ರಕ್ತ ಎಲ್ಲಿಂದ ಹೋಗಬೇಕ್ರಿ? ಸೊಸಿ ಮಾತು ಕೇಳಬೇಕಿತ್ತು."

ಸಂಜೆ ತಮ್ಮ ಕಣ್ಣು ಬಿಟ್ಟ. ಜೀವ ಉಳಿಯಿತೆಂದು ಡಾಕ್ಟರು ಹೇಳಿಹೋದರು. ಅವನು ಸೊಸೆಯನ್ನು ನೋಡಿದ.

"ನೀನು ಯನ್ನ ಕೊಲ್ಲಲೆ ಹೊರಟಿದ್ದೆ ಅಲ್ದನೇ? ಆ ವಿಷ ಇದ್ದ ಮನೆಗೆ ಆನು ಬತ್ನಿಲ್ಲೆ."

"ಕೈ ಒಡ್ಡಿದ್ದು ನೀನು," ಎಂದೆ ನಾನು. "ಸೊಸೆ ಬ್ಯಾಡ ಹೇಳಿತ್ತು. ಆನೂ ಕೇಳಿದ್ದಿ."

"ಕೊಟ್ಟ ಕೈ ಅದರದ್ದು," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವನ ಮಗ ಬಂದ ಮೇಲೆ ನಾನೂ ಸೊಸೆಯೂ ಇಸಳೂರಿಗೆ ಮರಳಿದೆವು. ಕರ್ಮ ಅರ್ಧಕ್ಕೆ ನಿಂತದ್ದರಿಂದ ಅಡುಗೆಯನ್ನು ಯಾರೂ ಉಣ್ಣುವಂತಿಲ್ಲ, ಹುಗಿಯಿರಿ ಎಂದು ಪುರೋಹಿತರು ಹೇಳಿಹೋಗಿದ್ದರು. ಹಿತ್ತಿಲಲ್ಲಿ ಗುಂಡಿ ತೋಡಿ ಅನ್ನ, ಪಾಯಸ, ವಡೆ ಎಲ್ಲವನ್ನೂ ಸುರಿದೆ. ಸೊಸೆ ಆಗಲೇ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ತಲೆಗೆ ಬಟ್ಟೆ ಬಿಗಿದುಕೊಂಡು, ಗೋಡೆ ಹಿಡಿದುಕೊಂಡು ಬಂದು, ಮಾತ್ರೆಗಳನ್ನು ಒಂದೊಂದಾಗಿ ಬಿಡಿಸಿ ಗುಂಡಿಗೆ ಹಾಕತೊಡಗಿದಳು.

"ಒಂದಾದ್ರೂ ನುಂಗು ಮಾರಾಯ್ತಿ. ನಿನ್ನ ಎದೆಗೆ ಎಂತದೂ ಆಜಿಲ್ಲೆ."

"ನುಂಗಿದ್ರೆ ತಲೆನೋವು ಹೋಗ್ತು ಅತ್ತೆ. ನಾಳೆ ಮಾವ ಬಂದು ಹ್ಯಾಂಗೆ ಹೋತು ಹೇಳಿ ಕೇಳಿದ್ರೆ ಎಂತ ಹೇಳದು?"

ಖಾಲಿ ಪಟ್ಟಿಯನ್ನೂ ಎಸೆದು ಒಳಗೆ ಹೋದಳು. ನಾನು ಮಣ್ಣು ಎಳೆದು, ತುಳಿದು ಗಟ್ಟಿ ಮಾಡಿ, ಗುದ್ದಲಿ ತೊಳೆದಿಟ್ಟೆ.