ನಮ್ಮ ಹಿತ್ತಲಿನ ಹಗೇವು ಮತ್ತು ಖಾಸಿಂಸಾಬ

ಎಂಜಿನ್ನಿಗೆ ಕೈ ಹಚ್ಚುವ ಮೊದಲು ಖಾಸಿಂಸಾಬ ಅದರ ಹೊಗೆ ನೋಡುತ್ತಿದ್ದ. ದೂರ ನಿಂತು, ತಲೆ ಓರೆ ಮಾಡಿ, ಹಕೀಮರು ನಾಡಿ ಹಿಡಿದ ಹಾಗೆ ಸುಮ್ಮನೆ ನೋಡುವುದು. ಕಮಲಾಪುರದ ನಮ್ಮ ಹಿಟ್ಟಿನ ಗಿರಣಿ ಕರಿ ಹೊಗೆ ಉಗುಳತೊಡಗಿದರೆ ಮಾವನವರು ಕಲಬುರಗಿಯ ರೋಜಾ ಓಣಿಯಲ್ಲಿದ್ದ ಅವನ ರಿಪೇರಿ ಅಂಗಡಿಗೆ ಹೇಳಿ ಕಳಿಸುತ್ತಿದ್ದರು. ಅವನು ತಮ್ಮ ರಹೀಮನನ್ನು ಕರೆದುಕೊಂಡು ಮೋಟಾರಿನಲ್ಲಿ ಬರುತ್ತಿದ್ದ. ಎಂಜಿನ್ನು ಗಾಳಿ ಎಳೆಯುವ ಬಾಯಿಯ ಜಾಲರಿಗೆ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಅದನ್ನು ಬಡಿದು ತೊಳೆಯುತ್ತ, "ಎಣ್ಣಿ ಭರಪೂರ ಅದ, ಉಸರ ಇಲ್ಲ. ಉಸರಿಲ್ದ ಉಂಡದ್ದು ಮೈಗೆ ಹತ್ತತದೇನ್ರಿ?" ಎಂದು ನಗುತ್ತಿದ್ದ. ಎಂಜಿನ್ನು ಸರಾಗವಾಗಿ ಓಡತೊಡಗಿದರೆ ರಹೀಮ ಅದರ ತಾಳಕ್ಕೆ ಸಿಳ್ಳು ಹಾಕುತ್ತಿದ್ದ. ಸೊಸೆಯಾಗಿ ಬಂದ ಹೊಸತರಲ್ಲಿ ನನ್ನನ್ನು ನಗಿಸಿದವರು ಈ ಅಣ್ಣತಮ್ಮಂದಿರೇ.

ಪೊಲೀಸ್ ಆ್ಯಕ್ಷನ್ ಆದಾಗ ಇಬ್ಬರೂ ಗಿರಣಿ ಕೆಲಸಕ್ಕೆ ಬಂದು ನಮ್ಮಲ್ಲೇ ಉಳಿದಿದ್ದರು. ರಜಾಕಾರರು ಮಾಡಿಹೋದದ್ದರ ಸಿಟ್ಟು ಏನೂ ಮಾಡದವರ ಮೇಲೆ ತಿರುಗಿತ್ತು. ಕೊಡಲಿ ಹಿಡಿದ ಗುಂಪೊಂದು ನಮ್ಮ ಓಣಿಗೆ ಬರುತ್ತಿದೆ ಎಂದು ತಿಳಿದ ಕೂಡಲೇ ಅತ್ತೆ ಅವರಿಬ್ಬರನ್ನೂ ಹಿತ್ತಲಿನ ಹಗೇವಿಗೆ ಇಳಿಸಿದರು. ಜೋಳ ತುಂಬಿಡುವ ಆ ನೆಲದೊಳಗಿನ ಕುಣಿ ಖಾಲಿಯಿತ್ತು. ಒಳಗೆ ವಿಷಗಾಳಿ ಕಟ್ಟಿರುತ್ತದೆಂದು, ಹಗೇವು ತೆರೆದರೆ ಗಾಳಿಯಾಡಲು ಬಿಟ್ಟೇ ಇಳಿಯುವುದು ವಾಡಿಕೆ. ಅಂದು ಅಷ್ಟು ಹೊತ್ತಿರಲಿಲ್ಲ. ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಹೊಟ್ಟು ಸುರಿದು, ಅತ್ತೆ ಅದರ ಮೇಲೆಯೇ ಕುಳಿತು ಜೋಳ ಕೇರತೊಡಗಿದರು.

ಗುಂಪು ಮನೆಯನ್ನೆಲ್ಲ ಜಾಲಾಡಿತು. ಆಮೇಲೂ ಹೋಗದೆ ಹಿತ್ತಲಿನ ನೆರಳಲ್ಲಿ ಕುಳಿತು ನೀರು ಕೇಳಿತು. ನಾನು ಕೊಟ್ಟೆ. ಅತ್ತೆಯ ಮೊರ ಒಂದು ಗಳಿಗೆಯೂ ನಿಲ್ಲಲಿಲ್ಲ.

ಅವರು ಹೋದ ಮೇಲೆ ಕಲ್ಲು ಸರಿಸಿದೆವು. ಖಾಸಿಂಸಾಬನಲ್ಲಿ ಜೀವವಿತ್ತು. ಅವನ ತೋಳಲ್ಲಿದ್ದ ರಹೀಮನಲ್ಲಿ ಇರಲಿಲ್ಲ.

ಬಹಳ ದಿನ ಅವನು ನಮ್ಮೂರಿಗೆ ಬರಲಿಲ್ಲ. ಗಿರಣಿ ಇನ್ನೇನು ನಿಲ್ಲುತ್ತದೆ ಎನ್ನುವ ಹಾಗಾದಾಗ ಬಂದ, ಒಬ್ಬನೇ. ಹೊಗೆ ನೋಡುತ್ತ ನಿಂತಿದ್ದಾಗಲೇ ಎಂಜಿನ್ನು ಕೆಮ್ಮಿ, ತಡೆದು, ಮತ್ತೊಮ್ಮೆ ಕೆಮ್ಮಿ ನಿಂತುಬಿಟ್ಟಿತು. ಆ ಸದ್ದಿಗೆ ಅವನು ಅಂಗಿಯ ಕೊರಳು ಹಿಡಿದೆಳೆಯುತ್ತ ಬಯಲಿಗೆ ಓಡಿದ. ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಬಂದು ಜಾಲರಿ ತೊಳೆದು, ಎಂಜಿನ್ನು ಚಾಲೂ ಮಾಡಿಕೊಟ್ಟ.

ಚಹಾ ಕೊಟ್ಟಾಗ ಅತ್ತೆಯ ಮುಂದೆ ಕುಳಿತು ಕೇಳಿದ: "ಅವ್ವಾ, ಅವತ್ತ ನಾ ಒಳಗಿಂದ ಕಲ್ಲು ಬಡದೆ. ನಿಮಗ ಕೇಳಿಸ್ತೇನು?"

ಹೊಟ್ಟಿನ ಅಡಿಯಿಂದ ಹೇಗೆ ಕೇಳಿಸೀತು ಎಂದು ಮಾವನವರು ನಡುವೆ ಬಾಯಿ ಹಾಕಿದರು. ಅತ್ತೆ ಅವರನ್ನು ತಡೆದರು.

"ಕೇಳಿಸ್ತಪ್ಪಾ. ಮೊದಲ ಜೋರು, ಆಮ್ಯಾಲ ಸಣ್ಣಗ. ಅವರು ಎದುರಿಗೇ ಕುಂತಿದ್ರು. ಅದು ಅವರಿಗಿ ಕೇಳಬಾರ್ದಂತ ನಾ ಮೊರ ಜೋರಾಗಿ ಬಡದೆ."

ಖಾಸಿಂಸಾಬ ಚಹಾದ ಬಟ್ಟಲು ಕೆಳಗಿಟ್ಟ.

"ಮ್ಯಾಲ ಯಾರರ ಅದಾರೇನಣ್ಣ ಅಂತ ರಹೀಮ ಕೇಳ್ತಿದ್ದ," ಎಂದ. "ಅವ್ವ ಕುಂತಾಳ ಅಂದೆ. ಸಾಯೋ ಹುಡಗಗ ಸುಳ್ಳು ಹೇಳಿದ್ನಲ್ಲಾ ಅನ್ಕೊಂಡಿದ್ದೆ, ಇವತ್ತಿನ ತನಕ."

ಅತ್ತೆಯ ಕಾಲು ಮುಟ್ಟಿ ಎದ್ದುಹೋದ. ನಾವು ಅವನನ್ನು ಕಂಡದ್ದು ಅದೇ ಕೊನೆ.

ಮುಂದೆ ಉರುಸಿನ ಸಮಯದಲ್ಲಿ ನಾನು ರೋಜಾಕ್ಕೆ ಹೋದಾಗ ಅವನ ಅಂಗಡಿಯಲ್ಲಿ ಬೇರೆಯವರಿದ್ದರು. ಹೈದರಾಬಾದಿಗೆ ಹೋದ ಎಂದರು ಒಬ್ಬರು. ಪಕ್ಕದವರು, ಇಲ್ಲ, ದಮ್ಮು ಹತ್ತಿ ತೀರಿಕೊಂಡ ಎಂದರು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಸಿಕ್ಕಿದ್ದ, ಚೆನ್ನಾಗಿದ್ದಾನೆ ಎಂದೆ.

"ಉಸರಾಡ್ಲಿಕ್ಕಿ ಏನೂ ತ್ರಾಸಿಲ್ಲಲ್ಲ?"

"ಏನೂ ಇಲ್ರಿ, ಅತ್ತಿ."