ಚಳಿಗಾಲದ ಕೊಡೆ

ಇವತ್ತು ಬೆಳಿಗ್ಗೆ ಬಾಲ್ಕನಿಯಲ್ಲಿ ಪನ್ನೀರು ಗುಲಾಬಿ ಅರಳಿತು. ಅದರ ಪರಿಮಳ ಮೂಗಿಗೆ ತಾಕಿದರೆ ಸಾಕು, ನಾನು ವಡೋದರದ ಆ ಕೆರೆದಂಡೆಯ ಬಂಗಲೆಯ ತೋಟದಲ್ಲಿರುತ್ತೇನೆ.

ಅಪ್ಪನನ್ನು ಬ್ಯಾಂಕಿನವರು ಅಲ್ಲಿಗೆ ವರ್ಗ ಮಾಡಿದ್ದರು. ಚಳಿಗಾಲದ ಭಾನುವಾರಗಳಲ್ಲಿ ಆ ಹಳೆಯ ಬಂಗಲೆ ನೋಡಲು ಹೋಗುತ್ತಿದ್ದೆವು. ಅಪ್ಪ ಕಂಬದ ಕೆತ್ತನೆ ನೋಡುತ್ತಾ ನಿಂತರೆ, ಅಮ್ಮ ನೇರ ಗುಲಾಬಿ ಪಾತಿಗೆ ಹೋಗುತ್ತಿದ್ದಳು. ಅವಳ ಹಿಂದೆಯೇ ಮುದುಕ ಮಾಲಿ.

“ಫೂಲ್ ತೋಡ್‌ಶೋ ನಹೀಂ, ಬೆನ್,” ಹೂ ಕೀಳಬೇಡಿ ಎಂದು ಪ್ರತಿ ಸಲವೂ ಹೇಳುತ್ತಿದ್ದ.

“ನೋಡಿದ್ರಾ, ಹೆಂಗೆ ಹಿಂದೇನೇ ಬರ್ತಾನೆ! ನನ್ನ ಸರದ ಮೇಲೇ ಕಣ್ಣು ಅವನಿಗೆ,” ಎಂದು ಅಮ್ಮ ಅಪ್ಪನಿಗೆ ಹೇಳಿ ಸೆರಗು ಹೊದ್ದುಕೊಳ್ಳುತ್ತಿದ್ದಳು. ನಾನೂ ಅವನನ್ನು ಕಳ್ಳನೆಂದೇ ನಂಬಿ, ಮುಳ್ಳು ಗೀಚಿದ ಅವನ ಕೈಗಳ ಮೇಲೇ ಕಣ್ಣಿಟ್ಟಿರುತ್ತಿದ್ದೆ.

ಒಂದು ಸಂಜೆ ಮನೆಗೆ ಬಂದು ಅಮ್ಮ ಕೊಡೆ ಬಿಚ್ಚಿದಳು. ಒಳಗಿಂದ ಗೇಣುದ್ದದ ಗುಲಾಬಿ ಕಡ್ಡಿ ಬಿತ್ತು.

“ನಾನೆಲ್ಲಿ ಹೂ ಕಿತ್ತೆ? ಬರೀ ಕಡ್ಡಿ ತಾನೆ!” ಎಂದಳು.

ಮಳೆಯಿಲ್ಲದ ದಿನಗಳಲ್ಲಿ ಕೊಡೆ ಯಾಕೆಂದು ನಾನು ಅದುವರೆಗೂ ಕೇಳಿಯೇ ಇರಲಿಲ್ಲ.

ಆ ಕಡ್ಡಿ ನೆಟ್ಟು ಅಮ್ಮ ಬೆಳೆಸಿದ ಗಿಡದ ಕಡ್ಡಿಯಿಂದ ಬೆಳೆದದ್ದು ನನ್ನ ಕುಂಡದ ಗುಲಾಬಿ. ಇವತ್ತು ಹೂ ನೋಡಲು ಪಕ್ಕದ ಮನೆಯಾಕೆ ಬಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ, ಆದರೂ ಅವರ ಕೈಯಲ್ಲಿ ಕೊಡೆಯಿತ್ತು. ಕಾಫಿ ಮಾಡಲು ನಾನು ಒಳಗೆ ಹೋಗಲೇ ಇಲ್ಲ.